ಜ್ವರ ಬಿಟ್ಟಿತು, ಸಿಂಹಗಡ ಯಾವಾಗ ಹತ್ತಲಿ?

ಪ್ರಶ್ನೆ: ನಮಸ್ಕಾರ ಡಾಕ್ಟರ್. ನಮ್ಮೂರು ಬಾಗಲಕೋಟೆ ಕಡೆ, ಪುಣೆಗೆ ಬಂದು 18 ವರ್ಷವಾಯಿತು. ಕೋಥರೂಡಿನಲ್ಲಿ ಮನೆ, ಹಿಂಜವಡಿಯಲ್ಲಿ ಕೆಲಸ. ನನಗೆ 44 ವರ್ಷ. ಬಿಪಿ, ಶುಗರ್ ಯಾವುದೂ ಇಲ್ಲ. 7 ವರ್ಷಗಳಿಂದ ದಿನಾ ಬೆಳಗ್ಗೆ ವೇತಾಳ ಟೇಕಡಿ (ಗುಡ್ಡ), ಭಾನುವಾರ ಗೆಳೆಯರ ಜೊತೆ ಸಿಂಹಗಡ ತಪ್ಪಿಸಿದವನಲ್ಲ. ಕಳೆದ ತಿಂಗಳು 4 ದಿನ 102 ಡಿಗ್ರಿ ಜ್ವರ, ಮೈಕೈ ನೋವು ಬಂತು. ಡೆಂಗಿ, ಮಲೇರಿಯಾ ಇಲ್ಲ, ‘ವೈರಲ್’ ಅಂದರು. ಜ್ವರ ಬಿಟ್ಟ ಮರುದಿನ, ‘ಚೆನ್ನಾಗಿ ಬೆವರು ಹರಿಸಿದರೆ ಉಳಿದದ್ದೂ ಹೋಗುತ್ತದೆ’ ಎಂದು ಗೆಳೆಯರು ಹೇಳಿದ್ದಕ್ಕೆ ಸಿಂಹಗಡ ಹತ್ತಲು ಹೋದೆ. ಅರ್ಧ ದಾರಿಯಲ್ಲಿ ಕಣ್ಣು ಕತ್ತಲೆ ಬಂದು ಕೂತುಬಿಟ್ಟೆ. ಅಂದು ರಾತ್ರಿ ಮತ್ತೆ ಜ್ವರ. ಈಗ 3 ವಾರವಾಗಿದೆ. ಮೊದಲು 62–64 ಇರುತ್ತಿದ್ದ ನಾಡಿ ಸುಮ್ಮನೆ ಕೂತಾಗಲೂ 88 ಇರುತ್ತದೆ. ಎರಡು ಮಹಡಿ ಹತ್ತಿದರೆ ಎದೆ ಡವಡವ ಎನ್ನುತ್ತದೆ. ನನ್ನ ಬೆನ್ನಿಗೇ ಅವ್ವನಿಗೂ (71 ವರ್ಷ) ಜ್ವರ ಬಂದು 5 ದಿನಕ್ಕೆ ಬಿಟ್ಟಿತು. ಆದರೆ ಕೀಲುನೋವು, ನಿಶ್ಶಕ್ತಿ ಎಂದು 2 ವಾರದಿಂದ ಹಾಸಿಗೆ ಬಿಟ್ಟು ಎದ್ದಿಲ್ಲ, ನಾವೂ ಏಳಗೊಟ್ಟಿಲ್ಲ. ಇಷ್ಟು ವರ್ಷ ವ್ಯಾಯಾಮ ಮಾಡಿದವನಿಗೆ ವೈರಲ್ ಯಾಕೆ ಬಂತು? ನಾನು ಮತ್ತೆ ಯಾವಾಗ ಹತ್ತಬಹುದು? ಅವ್ವನಿಗೆ ಇನ್ನೂ ಎಷ್ಟು ದಿನ ವಿಶ್ರಾಂತಿ ಬೇಕು?

— ಕೋಥರೂಡಿನ ಓದುಗ

ಉತ್ತರ: ನಿಮ್ಮ ಮೂರು ಪ್ರಶ್ನೆಗಳಲ್ಲಿ ನಡುವಿನದನ್ನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅದಕ್ಕೆ ಕಾಯುವಷ್ಟು ವ್ಯವಧಾನವಿಲ್ಲ. ಈ ಭಾನುವಾರ ಸಿಂಹಗಡ ಬೇಡ. ಟೇಕಡಿಯೂ ಬೇಡ. ಲಿಫ್ಟ್ ಇದ್ದರೆ ಮನೆಯ ಮೆಟ್ಟಿಲೂ ಬೇಡ. ಒಂದೆರಡು ದಿನದೊಳಗೆ ಫಿಜಿಶಿಯನ್ನರನ್ನೋ ಹೃದಯ ತಜ್ಞರನ್ನೋ ಕಂಡು, ನನಗೆ ಬರೆದದ್ದನ್ನೆಲ್ಲ ಹಾಗೆಯೇ ಹೇಳಿ. ಅರ್ಧ ದಾರಿಯಲ್ಲಿ ಕಣ್ಣು ಕತ್ತಲೆ ಬಂದದ್ದನ್ನು ಮಾತ್ರ ಮರೆಯದೆ ಹೇಳಿ. ಇಸಿಜಿ, ಟ್ರೋಪೊನಿನ್ ಎಂಬ ರಕ್ತ ಪರೀಕ್ಷೆ, ಎಕೋ ಎಂಬ ಹೃದಯದ ಸ್ಕ್ಯಾನ್ ಇಷ್ಟು ಆಗಬೇಕು. ಜೊತೆಗೆ ಹಿಮೊಗ್ಲೋಬಿನ್ ಮತ್ತು ಥೈರಾಯ್ಡ್ ಕೂಡ ನೋಡಿಸಿ. ವೈರಸ್ ಜ್ವರದ ಬೆನ್ನಿಗೆ ಕೆಲವರಿಗೆ ಥೈರಾಯ್ಡ್ ಗ್ರಂಥಿ ಊದಿಕೊಂಡು, ಕೆಲವು ವಾರ ನಾಡಿ ಓಡುತ್ತಲೇ ಇರುತ್ತದೆ. ಅದನ್ನು ನೋಡದೆ ‘ಟೆನ್ಶನ್’ ಎಂದು ಕಳಿಸಿಬಿಡುವುದುಂಟು. ಪರೀಕ್ಷೆಯ ದಿನಕ್ಕೆ ಮೊದಲೇ ಎದೆನೋವು ಬಂದರೆ, ಕೂತಲ್ಲೇ ಉಸಿರು ಕಟ್ಟಿದರೆ, ಎಚ್ಚರ ತಪ್ಪಿದಂತಾದರೆ, ಬಡಿತ ತಾಳ ತಪ್ಪಿದಂತೆನಿಸಿದರೆ ಅಪಾಯಿಂಟ್‌ಮೆಂಟಿಗೆ ಕಾಯದೆ ನೇರ ತುರ್ತು ವಿಭಾಗಕ್ಕೆ ಹೋಗಿ.

ನಿಮ್ಮನ್ನು ಹೆದರಿಸುವ ಉದ್ದೇಶ ನನಗಿಲ್ಲ. ನಿಮ್ಮಂತೆ ಬರುವವರಲ್ಲಿ ಹೆಚ್ಚಿನವರ ಹೃದಯ ಸರಿಯಾಗಿಯೇ ಇರುತ್ತದೆ. ಜ್ವರ ಬಂದ ಮೈ ಸುಧಾರಿಸಿಕೊಳ್ಳಲು ಸಮಯ ಕೇಳುತ್ತಿರುತ್ತದೆ, ಅಷ್ಟೇ. ಆದರೆ ಆ ಮಾತನ್ನು ಪರೀಕ್ಷೆಯ ನಂತರ ಹೇಳಬೇಕು, ಮೊದಲಲ್ಲ. ಕಾಕ್ಸ್‌ಸಾಕಿ, ಇನ್‌ಫ್ಲುಯೆಂಜಾ, ಕೋವಿಡ್ ಮುಂತಾದ ಹಲವು ವೈರಸ್‌ಗಳು ಅಪರೂಪಕ್ಕೆ ಹೃದಯದ ಸ್ನಾಯುವಿಗೇ ಉರಿಯೂತ ತರುತ್ತವೆ. ಅದಕ್ಕೆ ಮಯೊಕಾರ್ಡೈಟಿಸ್ ಎನ್ನುತ್ತೇವೆ. ಹಾಗಾದ ಹೃದಯವನ್ನು ಆ ಹೊತ್ತಿನಲ್ಲಿ ಜೋರಾಗಿ ದುಡಿಸಿದರೆ ಬಡಿತದ ಲಯವೇ ಕೆಡಬಹುದು. ಗಟ್ಟಿಮುಟ್ಟಾದ ಯುವ ಆಟಗಾರರು ಮೈದಾನದಲ್ಲೇ ಕುಸಿದು ಬೀಳುವುದಕ್ಕಿರುವ ಕಾರಣಗಳಲ್ಲಿ ಇದೂ ಒಂದು. 1970ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಇಲಿಗಳಿಗೆ ಕಾಕ್ಸ್‌ಸಾಕಿ ವೈರಸ್ ಹಾಕಿ, ಕೆಲವನ್ನು ನೀರಿನಲ್ಲಿ ಈಜಿಸಿದರು, ಉಳಿದವನ್ನು ಸುಮ್ಮನೆ ಬಿಟ್ಟರು. ಈಜಿದ ಇಲಿಗಳ ಹೃದಯದಲ್ಲಿ ವೈರಸ್ ಹಲವು ಪಟ್ಟು ಬೆಳೆಯಿತು, ಸತ್ತವೂ ಅವೇ ಹೆಚ್ಚು. ಇಲಿಗೆ ಆದದ್ದೆಲ್ಲ ಮನುಷ್ಯನಿಗೆ ಆಗಬೇಕೆಂದಿಲ್ಲ. ಆದರೂ ಮಯೊಕಾರ್ಡೈಟಿಸ್ ಖಚಿತವಾದವರನ್ನು ಇಂದಿಗೂ 3ರಿಂದ 6 ತಿಂಗಳು ಶ್ರಮದ ಆಟೋಟದಿಂದ ದೂರ ಇಡುತ್ತೇವೆ, ಮತ್ತೆ ಪರೀಕ್ಷಿಸಿಯೇ ಬಿಡುತ್ತೇವೆ.

ಇನ್ನು ಆ ಬೆವರಿನ ಮಾತು. ಇದನ್ನು ಧಾರವಾಡದಲ್ಲಿ ನನ್ನ ಚಿಕ್ಕಂದಿನಲ್ಲೂ ಕೇಳಿದ್ದೇನೆ, ಪುಣೆಯ ನನ್ನ ಕೋಣೆಯಲ್ಲಿ ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ಜ್ವರ ಇಳಿಯುವಾಗ ಮೈ ಬೆವರುವುದನ್ನು ಎಲ್ಲರೂ ಕಂಡಿದ್ದೇವೆ. ಹಾಗಾಗಿ ಬೆವರಿಸಿದರೆ ಜ್ವರ ಇಳಿಯುತ್ತದೆ ಎಂದುಕೊಂಡೆವು. ನಡೆಯುವುದು ತಿರುಗಾಮುರುಗಾ. ಸೋಂಕು ತಗುಲಿದಾಗ ಮಿದುಳು ಮೈಯ ಬಿಸಿಯ ಮಟ್ಟವನ್ನು ತಾನೇ ಏರಿಸಿ ಇಟ್ಟಿರುತ್ತದೆ. ಆ ಮಟ್ಟ ಮತ್ತೆ ಕೆಳಗಿಳಿದಾಗ ಹೆಚ್ಚುವರಿ ಬಿಸಿಯನ್ನು ಹೊರಹಾಕಲು ಬೆವರು ಬರುತ್ತದೆ. ಎಂದರೆ ಬೆವರು ಜ್ವರ ಬಿಟ್ಟದ್ದರ ಗುರುತು. ಬೆಟ್ಟ ಹತ್ತಿ ಬೆವರಿಸಿದಾಗ ಮೈ ತಾನೇ ಹೊಸ ಬಿಸಿ ಹುಟ್ಟಿಸಿಕೊಳ್ಳುತ್ತದೆ, ನೀರು ಕಳೆದುಕೊಳ್ಳುತ್ತದೆ. ಜ್ವರ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ನಾಡಿ ನಿಮಿಷಕ್ಕೆ ಸುಮಾರು 10 ಬಡಿತ ಹೆಚ್ಚುತ್ತದೆ. ಹಾಗೆ ಮೊದಲೇ ಓಡುತ್ತಿರುವ ಹೃದಯಕ್ಕೆ ಸಿಂಹಗಡದ ಬುಡದ ಆತಕರವಾಡಿಯಿಂದ ಕೋಟೆಯ ತನಕ 600 ಮೀಟರ್ ಹತ್ತಿರದ ಏರನ್ನು ಹೊರಿಸಿದಿರಿ. ನಮ್ಮ ಕಡೆಯ ಗರಡಿಮನೆಗಳಲ್ಲಿ ಜ್ವರ ಬಂದ ಪೈಲ್ವಾನನನ್ನು ಉಸ್ತಾದರು ಕಣಕ್ಕೆ ಇಳಿಸುತ್ತಿರಲಿಲ್ಲ, ದಂಡ–ಬೈಠಕ್ಕನ್ನೂ ಹೊಡೆಯಗೊಡುತ್ತಿರಲಿಲ್ಲ. ಆ ತಿಳಿವಳಿಕೆ ಎಲ್ಲಿ ಕಳೆದುಹೋಯಿತೋ, ಬೆವರಿನ ಮಾತು ಮಾತ್ರ ಉಳಿದುಕೊಂಡಿತು.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಚುಚ್ಚಿದ ಮಾತು ‘ಜ್ವರ ಬಿಟ್ಟ ಮರುದಿನ’ ಎಂಬುದು. ಥರ್ಮಾಮೀಟರ್ 98 ತೋರಿಸಿತೆಂದರೆ ಕಾಯಿಲೆ ಮುಗಿಯಿತು ಎಂಬ ನಂಬಿಕೆ ಬಹಳ ಅಪಾಯದ್ದು. ಡೆಂಗಿಯಲ್ಲಿ ನಿಜವಾದ ಗಂಡಾಂತರದ ದಿನಗಳು ಶುರುವಾಗುವುದೇ ಜ್ವರ ಇಳಿಯುವ ಹೊತ್ತಿಗೆ. ಆಗ ಪ್ಲೇಟ್‌ಲೆಟ್ ಕುಸಿಯುತ್ತದೆ, ರಕ್ತನಾಳಗಳಿಂದ ದ್ರವ ಸೋರುತ್ತದೆ. ನಮ್ಮ ಮಲೆನಾಡಿನ ಮಂಗನ ಕಾಯಿಲೆಯಲ್ಲಿ ಕೆಲವರಿಗೆ ಜ್ವರ ಬಿಟ್ಟು, ಒಂದೆರಡು ವಾರ ಚೆನ್ನಾಗಿದ್ದು, ಮತ್ತೆ ಎರಡನೆಯ ಸುತ್ತು ಬರುತ್ತದೆ. ಆ ಕಾಯಿಲೆಯ ವೈರಸ್ಸನ್ನು ಗುರುತಿಸಿದ್ದು ನಮ್ಮ ಪುಣೆಯವರೇ ಎಂಬುದು ಇಲ್ಲಿನ ಕನ್ನಡಿಗರಲ್ಲಿ ಎಷ್ಟು ಜನಕ್ಕೆ ಗೊತ್ತೋ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ ಜನರೂ ಹಾಸಿಗೆ ಹಿಡಿದಾಗ, ಅಲ್ಲಿಗೆ ಹೋದದ್ದು 1952ರಲ್ಲಿ ಪುಣೆಯಲ್ಲಿ ಶುರುವಾದ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು. ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ, ಎಲ್ಲರ ಬಾಯಲ್ಲಿ ಎನ್‌ಐವಿ, ಅದೇ.

ಪೋಲಿಯೊ ಇದಕ್ಕಿಂತ ಕ್ರೂರ. 1940ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಪೋಲಿಯೊ ಹಬ್ಬಿದಾಗ ರಿಚಿ ರಸೆಲ್ ಎಂಬ ನರರೋಗ ತಜ್ಞರು ರೋಗಿಗಳನ್ನು ಕೂರಿಸಿಕೊಂಡು, ಕಾಲು ಬಿದ್ದುಹೋಗುವ ಹಿಂದಿನ ಒಂದೆರಡು ದಿನ ನೀವು ಏನು ಮಾಡಿದಿರಿ ಎಂದು ಕೇಳುತ್ತ ಹೋದರು. ಕುತ್ತಿಗೆ ಬಿಗಿತ, ತಲೆನೋವು ಶುರುವಾದ ಮೇಲೂ ಮೈಮುರಿದು ದುಡಿದವರಿಗೆ, ಆಡಿದವರಿಗೆ ಪಾರ್ಶ್ವವಾಯು ತೀವ್ರವಾಗಿತ್ತು. ಲಕ್ಷಣ ಕಂಡ ಕೂಡಲೇ ಮಲಗಿದವರಿಗೆ ಹಗುರವಾಗಿತ್ತು. ‘ವೈರಲ್’ ಎಂಬ ಒಂದೇ ಚೀಟಿಯನ್ನು ನಾವು ಎಷ್ಟೋ ಬೇರೆಬೇರೆ ಕಾಯಿಲೆಗಳಿಗೆ ಅಂಟಿಸುತ್ತೇವೆ. ಯಾವ ವೈರಸ್ ಒಳಗೆ ಎಲ್ಲಿ ಕೂತಿದೆ ಎಂದು ಮೊದಲ ವಾರದಲ್ಲಿ ರೋಗಿಗಾಗಲಿ ವೈದ್ಯರಿಗಾಗಲಿ ಸಾಮಾನ್ಯವಾಗಿ ತಿಳಿಯುವುದಿಲ್ಲ. ಅದಕ್ಕೇ ಜ್ವರದಲ್ಲಿ, ಜ್ವರದ ಬೆನ್ನಿಗೆ ವ್ಯಾಯಾಮ ಬೇಡ ಎಂದು ನಾನು ಹಟ ಹಿಡಿದು ಹೇಳುವುದು.

ಹಾಗಾದರೆ ಬರೀ ನೆಗಡಿಗೂ ಮಲಗಬೇಕೇ? ಬೇಕಿಲ್ಲ. ಆಟಗಾರರ ವೈದ್ಯರು ಬಹುಕಾಲದಿಂದ ಕುತ್ತಿಗೆಯನ್ನು ಗಡಿಯಾಗಿ ಇಟ್ಟುಕೊಂಡಿದ್ದಾರೆ. ಮೂಗು ಸೋರುವುದು, ಸೀನು, ಗಂಟಲು ಕೆರೆತ ಹೀಗೆ ಕುತ್ತಿಗೆಯಿಂದ ಮೇಲಕ್ಕಷ್ಟೇ ತೊಂದರೆ ಇದ್ದು ಜ್ವರ ಇಲ್ಲದಿದ್ದರೆ ಹಗುರವಾಗಿ ನಡೆಯಬಹುದು. ಕಫದ ಕೆಮ್ಮು, ಎದೆ ಬಿಗಿತ, ಮೈಕೈ ನೋವು, ವಾಂತಿ–ಭೇದಿ, ಜ್ವರ ಇದ್ದರೆ ಇಲ್ಲ. 1998ರಲ್ಲಿ ಅಮೆರಿಕದಲ್ಲಿ ಸ್ವಯಂಸೇವಕರ ಮೂಗಿಗೆ ನೆಗಡಿಯ ವೈರಸ್ ಹಾಕಿ, ಕೆಲವರಿಂದ ಮಧ್ಯಮ ವ್ಯಾಯಾಮ ಮಾಡಿಸಿ ನೋಡಿದರು. ಮಾಡಿದವರ ನೆಗಡಿ ಹೆಚ್ಚಲೂ ಇಲ್ಲ, ಬೇಗ ವಾಸಿಯೂ ಆಗಲಿಲ್ಲ. ಅಂದರೆ ನೆಗಡಿಯಲ್ಲಿ ನಡೆದರೆ ಹಾನಿ ಇಲ್ಲ, ಆದರೆ ನಡಿಗೆ ನೆಗಡಿಗೆ ಮದ್ದೂ ಅಲ್ಲ. ಮನೆಯವರ ಮೇಲೆ, ಜಿಮ್ಮಿನಲ್ಲಿ ಪಕ್ಕದವರ ಮೇಲೆ ಸೀನಬೇಡಿ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಈಗ ನಿಮ್ಮ ಮೊದಲ ಪ್ರಶ್ನೆ, 7 ವರ್ಷದ ವ್ಯಾಯಾಮ ಎಲ್ಲಿ ಹೋಯಿತು? ಎಲ್ಲಿಯೂ ಹೋಗಿಲ್ಲ. ಚುರುಕಾಗಿ ನಡೆಯತೊಡಗಿದ ಕೆಲವೇ ನಿಮಿಷಗಳಲ್ಲಿ ರಕ್ತದಲ್ಲಿ ರಕ್ಷಕ ಕಣಗಳ ಓಡಾಟ ಹೆಚ್ಚುತ್ತದೆ. ವೈರಸ್ ಹೊಕ್ಕ ಜೀವಕೋಶಗಳನ್ನು ಹುಡುಕಿ ಕೊಲ್ಲುವ ಎನ್‌ಕೆ ಕಣಗಳಂತೂ ಹಲವು ಪಟ್ಟಾಗುತ್ತವೆ. ವ್ಯಾಯಾಮ ನಿಲ್ಲಿಸಿ ಒಂದೆರಡು ಗಂಟೆಯಾದರೆ ಅವು ರಕ್ತದಲ್ಲಿ ಮೊದಲಿಗಿಂತ ಕಡಿಮೆ ಕಾಣುತ್ತವೆ. ಬಹಳ ಕಾಲ ಇದನ್ನೇ ನೋಡಿ, ವ್ಯಾಯಾಮದ ನಂತರ ರೋಗಕ್ಕೆ ಕಿಟಕಿ ತೆರೆದಂತಾಗುತ್ತದೆ ಎನ್ನುತ್ತಿದ್ದರು. ಆ ಕಣಗಳು ಸತ್ತಿರುವುದಿಲ್ಲ, ರಕ್ತ ಬಿಟ್ಟು ಶ್ವಾಸಕೋಶ, ಕರುಳು ಮುಂತಾದ ಕಡೆ ಗಸ್ತಿಗೆ ಹೋಗಿರುತ್ತವೆ ಎಂಬ ವಾದ ಈಚಿನದು. 2018ರಲ್ಲಿ ಇಬ್ಬರು ಬ್ರಿಟಿಷ್ ಸಂಶೋಧಕರು ಇದನ್ನು ವಿಸ್ತಾರವಾಗಿ ಮಂಡಿಸಿದರು. ನನಗೆ ಅದು ಒಪ್ಪಿಗೆಯಾಗಿದೆ. ದಿನವೂ ಹೀಗೆ ಗಸ್ತು ತಿರುಗುವುದರ ಜೊತೆಗೆ ಹೊಟ್ಟೆಯ ಕೊಬ್ಬು ಕರಗುತ್ತದೆ, ಸ್ನಾಯುಗಳು ಸಕ್ಕರೆ ಹೀರಿಕೊಳ್ಳುತ್ತವೆ, ನಿದ್ದೆ ಚೆನ್ನಾಗಿ ಬರುತ್ತದೆ. ಸಕ್ಕರೆ ಕಾಯಿಲೆ ಮನೆಮನೆಯಲ್ಲಿರುವ ನಮ್ಮಂಥ ಸಮಾಜದಲ್ಲಿ ಕೊನೆಯ ಮೂರೇ ದೊಡ್ಡ ಲಾಭ ಎಂದು ನನ್ನ ಅಂದಾಜು. ವೈರಸ್ ಬಂದಾಗ ಕೆಟ್ಟದಾಗಿ ನರಳುವವರು ಯಾರೆಂದು 2020, 2021ರಲ್ಲಿ ಪುಣೆಯ ವಾರ್ಡುಗಳಲ್ಲಿ ನಿಂತು ನೋಡಿದ್ದೇವೆ.

ಲೆಕ್ಕ ಬೇಕೆಂದರೆ, ಅಮೆರಿಕದಲ್ಲಿ ಸಾವಿರದ ಮೇಲಿಬ್ಬರು, ಅಂದರೆ 1002 ವಯಸ್ಕರನ್ನು 12 ವಾರ ಹಿಂಬಾಲಿಸಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ವಾರಕ್ಕೆ 5 ದಿನವಾದರೂ ವ್ಯಾಯಾಮ ಮಾಡುತ್ತಿದ್ದವರು ನೆಗಡಿ–ಗಂಟಲು ಬೇನೆಯಲ್ಲಿ ಕಳೆದ ದಿನಗಳು, ಕೂತೇ ಇರುವವರಿಗೆ ಹೋಲಿಸಿದರೆ ಶೇ. 43ರಷ್ಟು ಕಡಿಮೆ. ಆದರೆ ವ್ಯಾಯಾಮ ಮಾಡುವವರು ಬೇರೆ ವಿಷಯಗಳಲ್ಲೂ ಜಾಗ್ರತೆ ಇರುವವರೇ, ಆದ್ದರಿಂದ ಇಡೀ ಕೀರ್ತಿಯನ್ನು ನಡಿಗೆಗೆ ಕೊಡಲಾಗದು. ನನಗೆ ಹೆಚ್ಚು ನಂಬಿಕೆ ಮುಂದಿನ ವರ್ಷ ವಿಸ್ಕಾನ್ಸಿನ್‌ನಿಂದ ಬಂದದ್ದರ ಮೇಲೆ. ಅಲ್ಲಿ 50 ದಾಟಿದ 149 ಜನರನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿ, ಒಂದಕ್ಕೆ 8 ವಾರ ವ್ಯಾಯಾಮ, ಇನ್ನೊಂದಕ್ಕೆ ಧ್ಯಾನ ಕಲಿಸಿ, ಮೂರನೆಯದನ್ನು ಹಾಗೇ ಬಿಟ್ಟರು. ಹಾಗೇ ಬಿಟ್ಟವರಲ್ಲಿ ಆ ಚಳಿಗಾಲ 40 ಸಲ ಉಸಿರಾಟದ ಸೋಂಕು ಬಂದರೆ, ವ್ಯಾಯಾಮದವರಲ್ಲಿ 26 ಸಲ, ಧ್ಯಾನದವರಲ್ಲಿ 27 ಸಲ. ಧ್ಯಾನವೂ ಸರಿಸುಮಾರು ಅಷ್ಟೇ ಕೆಲಸ ಮಾಡಿದ್ದು ನನ್ನನ್ನು ಬಹಳ ದಿನ ಯೋಚನೆಗೆ ಹಚ್ಚಿತ್ತು. ಕೋವಿಡ್ ಬಂದ 48,440 ಜನರ ದಾಖಲೆಗಳನ್ನು ಕ್ಯಾಲಿಫೋರ್ನಿಯಾದಲ್ಲಿ ನೋಡಿದಾಗ, ಹಿಂದಿನ ಎರಡು ವರ್ಷ ವಾರಕ್ಕೆ 150 ನಿಮಿಷ ಬಿಡದೆ ನಡೆದವರಿಗಿಂತ ಕೂತೇ ಇದ್ದವರು ಆಸ್ಪತ್ರೆ ಸೇರಿದ್ದು, ಸತ್ತದ್ದು ಎರಡೂ ಎರಡು ಪಟ್ಟಿಗಿಂತ ಹೆಚ್ಚು.

ಇವುಗಳಲ್ಲಿ ಒಂದಾದರೂ ‘ವ್ಯಾಯಾಮ ಮಾಡಿದವರಿಗೆ ಸೋಂಕು ಬರಲೇ ಇಲ್ಲ’ ಎಂದು ಹೇಳುವುದಿಲ್ಲ. ನಡಿಗೆ ಬಾಗಿಲಿಗೆ ಬೀಗ ಹಾಕುವುದಿಲ್ಲ; ಕಳ್ಳ ಒಳಹೊಕ್ಕಾಗ ಮನೆಯವರು ಎಚ್ಚರವಾಗಿರುವಂತೆ ನೋಡಿಕೊಳ್ಳುತ್ತದೆ. ಸೊಳ್ಳೆಯಿಂದ ಬರುವ ಡೆಂಗಿ, ಚಿಕೂನ್‌ಗುನ್ಯಾಕ್ಕಂತೂ ನಿಮ್ಮ ತೊಡೆಯ ಶಕ್ತಿಯ ಪರಿವೆಯೇ ಇಲ್ಲ. ಈ ರೋಗ ಹರಡುವ ಈಡಿಸ್ ಸೊಳ್ಳೆ ಹಗಲಿನಲ್ಲಿ, ಅದರಲ್ಲೂ ಬೆಳಗಿನ ಹೊತ್ತು ಮತ್ತು ಹೊತ್ತು ಮುಳುಗುವ ಮುಂಚೆ ಕಚ್ಚುತ್ತದೆ. ನೀವು ಟೇಕಡಿಗೆ ಹೋಗುವ ವೇಳೆಯೇ ಅದು. ಮಳೆಗಾಲದಲ್ಲಿ ಅರ್ಧ ಚಡ್ಡಿ ಬಿಟ್ಟು ಪೂರ್ತಿ ಪ್ಯಾಂಟು, ತುಂಬುತೋಳಿನ ಅಂಗಿ ಹಾಕಿಕೊಂಡು ಹೋಗಿ ಎಂಬ ಸಲಹೆ ಯಾವ ಕಷಾಯಕ್ಕಿಂತಲೂ ಹೆಚ್ಚು ಬೆಲೆಯದ್ದು.

ಅತಿಯಾದರೆ ಏನಾಗುತ್ತದೆ ಎಂಬುದಕ್ಕೆ ಎಲ್ಲರೂ ಎತ್ತುವ ಉದಾಹರಣೆ 1987ರ ಲಾಸ್ ಏಂಜಲೀಸ್ ಮ್ಯಾರಥಾನ್. ಓಡಿದವರಲ್ಲಿ ಶೇ. 12.9 ಮಂದಿಗೆ ಮುಂದಿನ ವಾರದಲ್ಲಿ ಸೋಂಕಾಯಿತು. ಅಷ್ಟೇ ತಯಾರಿ ಮಾಡಿ ಅಂದು ಓಡದೆ ಉಳಿದವರಲ್ಲಿ ಶೇ. 2.2. ಇದು ಓಟಗಾರರು ತಾವೇ ಹೇಳಿದ ಲೆಕ್ಕ, ಪ್ರಯೋಗಾಲಯದಲ್ಲಿ ವೈರಸ್ ನೋಡಿದ್ದಲ್ಲ. ದೊಡ್ಡ ಓಟವೆಂದರೆ ಹಿಂದಿನ ರಾತ್ರಿ ನಿದ್ದೆಗೇಡು, ಪ್ರಯಾಣ, ಸಾವಿರಾರು ಜನರ ಉಸಿರು ಕೂಡ. ದೂಷಿಸಬೇಕಾದದ್ದು ಈ ಮೂರನ್ನೂ ಸೇರಿಸಿ. ಕಂಪನಿಯ ರಾತ್ರಿ ಪಾಳಿ ಮುಗಿಸಿ, ಮೂರು ಗಂಟೆ ಮಲಗಿ, ನಸುಕಿನಲ್ಲಿ ಸಿಂಹಗಡದ ಬುಡಕ್ಕೆ ಹೋಗಿ ನಿಲ್ಲುವ ಹುಡುಗರಿಗೆ ನಾನು ಹೇಳುವುದು ಅಂದು ನಿದ್ದೆ ಮಾಡಿ ಎಂದು.

ನಿಮ್ಮ ವರದಿಗಳೆಲ್ಲ ಸರಿ ಬಂದವು ಎಂದಿಟ್ಟುಕೊಳ್ಳೋಣ. ಬೆಳಗ್ಗೆ ಕಣ್ಣು ಬಿಟ್ಟೊಡನೆ, ಹಾಸಿಗೆಯಲ್ಲೇ, ಫೋನ್ ಮುಟ್ಟುವ ಮೊದಲು ನಾಡಿ ಎಣಿಸಿ ಒಂದು ವಹಿಯಲ್ಲಿ ಬರೆದಿಡಿ. ಅದು 70ರ ಆಸುಪಾಸಿಗೆ ಇಳಿಯುತ್ತ ಬರಬೇಕು. ಮೊದಲ ವಾರ ಸೊಸೈಟಿಯ ಅಂಗಳದಲ್ಲಿ, ಸಮತಟ್ಟಿನ ಮೇಲೆ, 10–15 ನಿಮಿಷ, ಬೇಕಿದ್ದರೆ ದಿನಕ್ಕೆ ಎರಡು ಸಲ. ವೇಗವನ್ನು ಗಡಿಯಾರ ನೋಡಿ ತೀರ್ಮಾನಿಸಬೇಡಿ. ಜೊತೆಯವರ ಹತ್ತಿರ ಒಂದು ವಾಕ್ಯ ಪೂರ್ತಿ ಏದುಸಿರಿಲ್ಲದೆ ಮಾತಾಡಲಾದರೆ ಅದೇ ವೇಗ ಸಾಕು. ಈ ಹಂತದಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ. ನಡೆದ ದಿನ ಹೇಗಿತ್ತು ಎಂದು ನೋಡುತ್ತಾರೆ, ಮರುದಿನ ಹೇಗಿದೆ ಎಂದು ನೋಡುವುದಿಲ್ಲ. ಬೆಳಗಿನ ನಾಡಿ ಹಿಂದಿನ ದಿನಕ್ಕಿಂತ 10 ಹೆಚ್ಚಿದ್ದರೆ, ಮೈ ಜಜ್ಜಿಹಾಕಿದಂತಿದ್ದರೆ, ಅಂದು ರಜೆ. ಮರುದಿನ ಹಿಂದಿನ ಹಂತಕ್ಕೆ. ಸರಿಯಿದ್ದರೆ ಎರಡನೆಯ ವಾರ ಅರ್ಧ ಗಂಟೆಗೆ ಏರಿಸಿ. ಆಮೇಲೆ ಒಂದು ದಿನ ಪರ್ವತಿ ಗುಡ್ಡಕ್ಕೆ ಹೋಗಿ. 103 ಮೆಟ್ಟಿಲು, ನಡುವೆ ನಿಲ್ಲಲು ಜಾಗವಿದೆ, ಬೇಡವೆನಿಸಿದರೆ ತಿರುಗಿ ಇಳಿಯಬಹುದು. ಹತ್ತಿದ ಮರುದಿನವೂ ಹಗುರವಾಗಿದ್ದರೆ ಆಗ ಟೇಕಡಿ, ಕಡಿದಾದ ದಾರಿ ಬಿಟ್ಟು. ಸಿಂಹಗಡ ಎಲ್ಲಕ್ಕಿಂತ ಕೊನೆ. ಎಲ್ಲ ನೆಟ್ಟಗೆ ಸಾಗಿದರೂ ಇಂದಿನಿಂದ 5–6 ವಾರದ ಒಳಗೆ ಅದರ ಯೋಚನೆ ಬೇಡ. ಗೆಳೆಯರ ಭಾನುವಾರ ತಪ್ಪಿಹೋಗುತ್ತದೆ ಎಂಬ ಬೇಸರವಿದ್ದರೆ ಗಾಡಿಯಲ್ಲಿ ಮೇಲಕ್ಕೆ ಹೋಗಿ ಅವರಿಗಾಗಿ ಕಾಯಿರಿ, ಪಿಠ್ಲ–ಭಾಕರಿ, ಮಡಕೆ ಮೊಸರು ಅಲ್ಲೇ ಸಿಗುತ್ತದೆ.

ಇನ್ನೊಂದು ಸಾಧ್ಯತೆಯನ್ನೂ ತಿಳಿದಿರಿ. ಕೆಲವರಿಗೆ ಸೋಂಕಿನ ನಂತರ ಸಣ್ಣ ಶ್ರಮಕ್ಕೂ ಮರುದಿನ ಅಥವಾ ಅದರ ಮರುದಿನ ಇಡೀ ಮೈ ನೆಲಕಚ್ಚುತ್ತದೆ. ತಲೆ ಮಂಕಾಗುತ್ತದೆ, ನಿದ್ದೆಯಿಂದ ಎದ್ದರೂ ದಣಿವು ಆರುವುದಿಲ್ಲ. ಕೋವಿಡ್ ನಂತರ ಇಂಥವರನ್ನು ಬಹಳ ಕಂಡೆವು. ಇವರಿಗೆ ‘ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತಾ ಹೋಗಿ, ಎಲ್ಲ ಸರಿಹೋಗುತ್ತದೆ’ ಎನ್ನುವುದು ಅನ್ಯಾಯ. 2024ರಲ್ಲಿ ಆಮ್‌ಸ್ಟರ್‌ಡ್ಯಾಮಿನ ವೈದ್ಯರು ಇಂಥ 25 ಜನರ ಸ್ನಾಯುವಿನ ಚೂರನ್ನು ಸೈಕಲ್ ತುಳಿಸುವ ಮೊದಲೂ ನಂತರವೂ ತೆಗೆದು ನೋಡಿದಾಗ, ಶ್ರಮದ ನಂತರ ಸ್ನಾಯುವಿಗಾದ ಹಾನಿ ಕಣ್ಣಿಗೆ ಕಾಣುವಂತಿತ್ತು. ಇದಕ್ಕೂ ಮೊದಲೇ, 2021ರಲ್ಲಿ, ದೀರ್ಘ ದಣಿವಿನ ಕಾಯಿಲೆಯವರಿಗೆ ವ್ಯಾಯಾಮವನ್ನು ಹಂತಹಂತವಾಗಿ ಏರಿಸುವ ಚಿಕಿತ್ಸೆಯನ್ನು ಬ್ರಿಟನ್ನಿನ ಮಾರ್ಗಸೂಚಿ ಕೈಬಿಟ್ಟಿತ್ತು. ಅವರಿಗೆ ಬೇಕಾದದ್ದು ಇರುವ ಶಕ್ತಿಯನ್ನು ಅಳೆದು ಖರ್ಚು ಮಾಡುವ ಶಿಸ್ತು. ನಿಮ್ಮ ಪತ್ರದಲ್ಲಿ ಆ ಲಕ್ಷಣ ನನಗೆ ಕಾಣುತ್ತಿಲ್ಲ. ಕಂಡರೆ ನಾನು ಬರೆದ ವಾರದ ಲೆಕ್ಕವನ್ನೆಲ್ಲ ಬದಿಗಿಟ್ಟು ನೇರ ಬಂದು ತೋರಿಸಿ.

ಈಗ ನಿಮ್ಮ ಅವ್ವನ ವಿಷಯ. ನೀವು ಏಳಬಾರದಾಗ ಎದ್ದಿರಿ. ಅವರು ಏಳಬೇಕಾದಾಗ ಮಲಗಿದ್ದಾರೆ. ಎರಡು ವಾರ ವಿಶ್ರಾಂತಿ ಆಗಿದೆ, ಇನ್ನು ಸಾಕು.

1966ರಲ್ಲಿ ಡಲ್ಲಾಸ್‌ನಲ್ಲಿ 20ರ ಹರೆಯದ 5 ಆರೋಗ್ಯವಂತ ಹುಡುಗರನ್ನು 3 ವಾರ ಹಾಸಿಗೆಯಲ್ಲೇ ಮಲಗಿಸಿಟ್ಟರು. ಎದ್ದಾಗ ಅವರ ದೇಹ ಆಮ್ಲಜನಕ ಬಳಸುವ ಶಕ್ತಿ ಕಾಲುಭಾಗಕ್ಕಿಂತ ಹೆಚ್ಚು ಕುಸಿದಿತ್ತು. 30 ವರ್ಷದ ನಂತರ ಅದೇ ಐವರನ್ನು ಕರೆದು ಅಳೆದಾಗ, ಆ 3 ವಾರ ಮಾಡಿದಷ್ಟು ಹಾನಿಯನ್ನು 30 ವರ್ಷದ ವಯಸ್ಸೂ ಮಾಡಿರಲಿಲ್ಲ. ವಯಸ್ಸಾದವರಲ್ಲಿ ಇದು ಇನ್ನೂ ಬೇಗ. ಆರೋಗ್ಯವಂತ ಹಿರಿಯರನ್ನು 10 ದಿನ ಮಲಗಿಸಿ ಅಳೆದಾಗ ಕಾಲುಗಳಿಂದಲೇ ಸುಮಾರು 1 ಕಿಲೋ ಸ್ನಾಯು ಕರಗಿತ್ತು. ‘ಮಲಗವ್ವ, ನಾವಿದ್ದೇವಲ್ಲ’ ಎಂದು ಊಟ, ನೀರು, ಮಾತ್ರೆ ಎಲ್ಲವನ್ನೂ ಹಾಸಿಗೆಗೆ ತಂದುಕೊಡುತ್ತಿರುವ ನಿಮ್ಮ ಮನೆಯವರ ಪ್ರೀತಿ ನನಗೆ ಅರ್ಥವಾಗುತ್ತದೆ. ಆ ಪ್ರೀತಿಯ ದಿಕ್ಕು ಸ್ವಲ್ಪ ಬದಲಾಗಬೇಕು. ನನ್ನ ತಾಯಿಯನ್ನು ಹೀಗೆಯೇ ಮಲಗಿಸಿ, ಎದ್ದ ದಿನ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದದ್ದನ್ನು ನಾನು ಕಂಡಿದ್ದೇನೆ. ಆದ್ದರಿಂದಲೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಮೊದಲು ಒಂದು ಪರೀಕ್ಷೆ. ಒಂದೇ ಮನೆಯಲ್ಲಿ ಬೆನ್ನುಬೆನ್ನಿಗೆ ಇಬ್ಬರಿಗೆ ಜ್ವರ, ಒಬ್ಬರಿಗೆ ಬಿಡದ ಕೀಲುನೋವು ಎಂದರೆ ನನ್ನ ಮನಸ್ಸಿಗೆ ಮೊದಲು ಬರುವುದು ಚಿಕೂನ್‌ಗುನ್ಯಾ. ಜ್ವರ ಬಂದು ಒಂದು ವಾರ ದಾಟಿದ್ದರಿಂದ ಸೋಂಕಿನ ವಿರುದ್ಧ ಮೈ ತಯಾರಿಸುವ ಪ್ರತಿಕಾಯವನ್ನು ರಕ್ತದಲ್ಲಿ ಹುಡುಕುವ ಐಜಿಎಂ ಪರೀಕ್ಷೆ ಈಗ ಸರಿಯಾದ ಉತ್ತರ ಕೊಡುತ್ತದೆ, ಇಬ್ಬರೂ ಮಾಡಿಸಿ. ಅದೇ ಎಂದಾದರೆ ಕೀಲುನೋವು ವಾರಗಟ್ಟಲೆ, ಕೆಲವರಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಅದು ಪೂರ್ತಿ ಹೋಗಲಿ ಎಂದು ಮಲಗಿ ಕಾದರೆ ಕೀಲು ಮತ್ತಷ್ಟು ಬಿಗಿಯುತ್ತದೆ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಜ್ವರದ ದಿನಗಳಲ್ಲಿ ಡೆಂಗಿ ಅಲ್ಲವೆಂದು ಖಚಿತವಾಗುವ ತನಕ ಆಸ್ಪಿರಿನ್, ಐಬುಪ್ರೊಫೆನ್ ಮುಟ್ಟಬಾರದು. ಮೆಡಿಕಲ್ ಶಾಪಿನಲ್ಲಿ ‘ಬೇಗ ಎಬ್ಬಿಸುತ್ತದೆ’ ಎಂದು ಕೊಡುವ ಸ್ಟೀರಾಯ್ಡ್ ಮಾತ್ರೆಯಂತೂ ಯಾವತ್ತೂ ಬೇಡ.

ಬೆಳಗ್ಗೆ ಬಿಸಿನೀರಿನ ಸ್ನಾನವಾದ ಮೇಲೆ ಕೀಲು ಸಡಿಲವಿರುತ್ತದೆ, ಶುರು ಮಾಡಲು ಆ ಹೊತ್ತೇ ಒಳ್ಳೆಯದು. ಮಂಚದ ಅಂಚಿಗೆ ಕೂತು ಕಾಲು ಇಳಿಬಿಟ್ಟು, ಪಾದವನ್ನು 15–20 ಸಲ ಮೇಲೆ ಕೆಳಗೆ ಆಡಿಸಲಿ. ಒಂದು ನಿಮಿಷ ಹಾಗೇ ಕೂತು ಆಮೇಲೆ ನಿಲ್ಲಲಿ. ಕೈ ಇರುವ ಗಟ್ಟಿ ಕುರ್ಚಿಯಿಂದ ಎದ್ದು ಕೂರುವುದನ್ನು 5 ಸಲ, ದಿನಕ್ಕೆ ಮೂರು ಹೊತ್ತು ಮಾಡಿಸಿ. ಮೊದಲೆರಡು ದಿನ ನೀವು ಪಕ್ಕದಲ್ಲಿರಿ, ರಟ್ಟೆ ಹಿಡಿದು ಎಳೆಯಬೇಡಿ. ಊಟವನ್ನು ಹಾಸಿಗೆಗೆ ಒಯ್ಯುವುದನ್ನು ನಾಳೆಯಿಂದಲೇ ನಿಲ್ಲಿಸಿ. ದೇವರ ಮನೆಗೆ ನಡೆದು ಹೋಗಿ ದೀಪ ಹಚ್ಚುವುದು, ಅಡುಗೆಮನೆಯಲ್ಲಿ ಕೂತು ಸೊಪ್ಪು ಬಿಡಿಸುವುದು, ನಾಲ್ಕು ರೊಟ್ಟಿಯ ಹಿಟ್ಟು ನಾದುವುದು, ಇವೇ ಅವರ ವ್ಯಾಯಾಮ. ಬೆರಳಿನ ಕೀಲುಗಳಿಗೆ ಹದವಾದ ಹಿಟ್ಟು ನಾದುವುದಕ್ಕಿಂತ ಒಳ್ಳೆಯದನ್ನು ಫಿಜಿಯೋಥೆರಪಿ ಕೋಣೆಯಲ್ಲೂ ಕಷ್ಟಪಟ್ಟು ಹುಡುಕಬೇಕು. ನಾಲ್ಕೈದು ದಿನಕ್ಕೆ ಲಿಫ್ಟಿನ ತನಕ, ಮುಂದಿನ ವಾರ ಕೆಳಗೆ ಅಂಗಳಕ್ಕೆ.

ಬರಿ ಗಂಜಿ–ಸಾರಿನಲ್ಲಿ ಸ್ನಾಯು ಬೆಳೆಯುವುದಿಲ್ಲ. 50 ಕಿಲೋ ತೂಕದ ಹಿರಿಯರಿಗೆ ದಿನಕ್ಕೆ 50–60 ಗ್ರಾಂ ಪ್ರೋಟೀನ್ ಬೇಕು. ಹೆಸರುಬೇಳೆ, ಗಟ್ಟಿ ಮೊಸರು, ಹಾಲು, ಝುಣಕ, ಶೇಂಗಾ ಚಟ್ನಿ ಪ್ರತಿ ಹೊತ್ತಿನ ಊಟದಲ್ಲೂ ಇವುಗಳಲ್ಲಿ ಎರಡಾದರೂ ಇರಲಿ, ತಿನ್ನುವವರಾದರೆ ಮೊಟ್ಟೆ. ಮೂತ್ರಪಿಂಡದ ತೊಂದರೆ ಇದ್ದರೆ ಮಾತ್ರ ವೈದ್ಯರನ್ನು ಕೇಳಿ ಅಳತೆ ಮಾಡಿಕೊಳ್ಳಿ.

ನಡೆಸುವಾಗ ಒಂದು ಕಾಲು ಮಾತ್ರ ಊದಿಕೊಂಡು ನೋಯುತ್ತಿದ್ದರೆ, ಉಸಿರು ಹತ್ತಿ ಆಕ್ಸಿಮೀಟರ್ 94ಕ್ಕಿಂತ ಕೆಳಗೆ ತೋರಿಸಿದರೆ, ಮಾತು ತಡವರಿಸಿದರೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ. ಅವರು ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೋ ಇಲ್ಲವೋ ನೀವು ಬರೆದಿಲ್ಲ. ತೆಗೆದುಕೊಳ್ಳುವವರಾದರೆ ನಾಳೆ ಮಲಗಿದ್ದಾಗ ಒಮ್ಮೆ, ನಿಂತು ಮೂರು ನಿಮಿಷಕ್ಕೆ ಒಮ್ಮೆ ಬಿಪಿ ಅಳೆಯಿರಿ. ಮೇಲಿನ ಅಂಕಿ 20 ಅಥವಾ ಹೆಚ್ಚು ಇಳಿದರೆ ಮಾತ್ರೆಯ ಪ್ರಮಾಣ ಬದಲಿಸಬೇಕಾಗಬಹುದು, ವೈದ್ಯರಿಗೆ ಅದೇ ದಿನ ಫೋನ್ ಮಾಡಿ. ಗುಣವಾದ ಮೇಲೆ ಫ್ಲೂ ಲಸಿಕೆಯ ಬಗ್ಗೆಯೂ ಅವರನ್ನೇ ಕೇಳಿ; ಈ ವಯಸ್ಸಿನಲ್ಲಿ ವರ್ಷಕ್ಕೊಮ್ಮೆ ಹಾಕಿಸುವುದು ಒಳ್ಳೆಯದು.

ಕೊನೆಗೊಂದು. ನಿಮ್ಮಿಬ್ಬರಿಗೂ ಬಂದದ್ದು ಚಿಕೂನ್‌ಗುನ್ಯಾವೇ ಆಗಿದ್ದರೆ, ಅದನ್ನು ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸಿದ ಸೊಳ್ಳೆ ಹುಟ್ಟಿದ್ದು ಬಹುಶಃ ನಿಮ್ಮ ಮನೆಯಲ್ಲೋ ಪಕ್ಕದ ಬಾಲ್ಕನಿಯಲ್ಲೋ. ಕುಂಡಗಳ ಕೆಳಗಿನ ತಟ್ಟೆ, ಫ್ರಿಜ್ಜಿನ ಹಿಂದಿನ ಟ್ರೇ, ಕೂಲರ್, ಟೆರೇಸಿನ ಮೇಲಿನ ಹಳೆಯ ಟೈರು ಎಲ್ಲವನ್ನೂ ಇವತ್ತು ಸಂಜೆಯೇ ಖಾಲಿ ಮಾಡಿ ತಿಕ್ಕಿ ಒಣಗಿಸಿ. ಇಸಿಜಿ, ಐಜಿಎಂ ವರದಿ ಕೈಗೆ ಬಂದ ದಿನ ನನಗೆ ಮತ್ತೆ ಬರೆಯಿರಿ, ಬೆಳಗಿನ ನಾಡಿಯ ಲೆಕ್ಕವನ್ನೂ ಜೊತೆಗೆ ಕಳಿಸಿ.